ಹೊಸ ಮನೆಗೆ ಬಂದ ನಾಯಿ ಮಂಚದ ಕೆಳಗಿಂದ ಬರ್ತಾನೇ ಇಲ್ಲ, ಏನು ಮಾಡಲಿ?

ಬಟವಾಡಿ_ಮನೆ:
ನಮ್ಮದು ತುಮಕೂರು. ಪರಿಚಯದವರು ಊರು ಬಿಡುವಾಗ ಅವರ ನಾಯಿಯನ್ನು ನಮಗೆ ಕೊಟ್ಟರು. ನಾಟಿ ಹೆಣ್ಣು, 10 ತಿಂಗಳು, ಹೆಸರು ಚುಕ್ಕಿ. ಅಲ್ಲಿ ಟೆರೇಸ್ ಮೇಲೇ ಬೆಳೆದದ್ದು, ರಸ್ತೆ ನೋಡಿದ್ದೇ ಕಡಿಮೆ. ಇಲ್ಲಿ ಕುಕ್ಕರ್ ಕೂಗಿದರೂ ಮಂಚದ ಕೆಳಗೆ ಓಡುತ್ತಾಳೆ. ಬಿ.ಎಚ್. ರಸ್ತೆಗೆ ದಿನಾ ಕರೆದುಕೊಂಡು ಹೋದರೆ ತಾನಾಗೇ ಅಭ್ಯಾಸ ಆಗುತ್ತೆ ಅಂತಾರೆ ಯಜಮಾನರು. ಅಲ್ಲಿ ಬಸ್ಸು ಹಾರ್ನ್ ಹೊಡೆದರೆ ಹೊಟ್ಟೆ ನೆಲಕ್ಕೆ ಅಂಟಿಸಿ ಮಲಗಿಬಿಡುತ್ತಾಳೆ, ಬಿಸ್ಕತ್ತು ಮೂಗಿಗೇ ಹಿಡಿದರೂ ಬೇಡ. ಮೊನ್ನೆ ಪಕ್ಕದ ಮನೆ ಹುಡುಗ ತಲೆ ಸವರೋಕೆ ಹೋದರೆ ಗುರ್ ಅಂದಳು, ಬೈದೆ. ಸರಿ ತಾನೇ?

ಶಿರಾಗೇಟ್_ನಾಟಿ:
ಮೇಡಂ, ಬಿ.ಎಚ್. ರಸ್ತೆ ಸದ್ಯಕ್ಕೆ ಬೇಡ. ತಿಂಡಿ ಮುಟ್ಟಲಿಲ್ಲ ಅಂದರಲ್ಲ, ಅದನ್ನೇ ಅಳತೆ ಅಂತ ಇಟ್ಟುಕೊಳ್ಳಿ. ಹೆದರಿದ ನಾಯಿ ತಿನ್ನಲ್ಲ, ಕಲಿಯೋದೂ ಇಲ್ಲ. ಬಸ್ಸು ಕಾಣಬೇಕು ಆದರೆ ಚುಕ್ಕಿ ಇನ್ನೂ ತಿನ್ನಬೇಕು, ಅಷ್ಟು ದೂರದ ಅಡ್ಡರಸ್ತೆಯಲ್ಲಿ ಸುಮ್ನೆ ನಿಂತುಕೊಳ್ಳಿ. ಹಾರ್ನ್ ಕೇಳಿಸಿತಾ, ಆಮೇಲೆ ಒಂದು ತುಂಡು ಬೇಯಿಸಿದ ಚಿಕನ್. ಮೊದಲು ಸದ್ದು, ಆಮೇಲೆ ಚಿಕನ್, ಈ ಕ್ರಮ ತಪ್ಪಬಾರದು. ತಿರುಗಿಸಿ ಮಾಡಿದರೆ ಚಿಕನ್ ಕಂಡರೇ ಏನೋ ಬರುತ್ತೆ ಅಂತ ಹೆದರುತ್ತಾಳೆ. ಉಪ್ಪು ಮಸಾಲೆ ಬೇಡ, ಈರುಳ್ಳಿ ಬೆಳ್ಳುಳ್ಳಿ ಅಂತೂ ನಾಯಿಗೆ ವಿಷ. ಐದು ನಿಮಿಷ ಸಾಕು, ಚೆನ್ನಾಗಿರುವಾಗಲೇ ವಾಪಸ್ ಬನ್ನಿ.

ಬೈದಿದ್ದು ಮಾತ್ರ ಸರಿಯಲ್ಲ. ಗುರ್ ಅನ್ನೋದು ಅವಳು ಕೊಡೋ ಎಚ್ಚರಿಕೆ, ಬೈದು ಅದನ್ನು ನಿಲ್ಲಿಸಿದರೆ ಮುಂದೆ ಸದ್ದಿಲ್ಲದೆ ಕಚ್ಚಬಹುದು. ಅದಕ್ಕೂ ಮೊದಲು ತುಟಿ ನೆಕ್ಕಿಕೊಳ್ಳೋದು, ನಿದ್ದೆ ಇಲ್ಲದೆ ಆಕಳಿಸೋದು, ಮುಖ ಆ ಕಡೆ ತಿರುಗಿಸಿ ಕಣ್ಣಿನ ಬಿಳಿ ಕಾಣೋ ಹಾಗೆ ಓರೆ ನೋಡೋದು ಇರುತ್ತೆ, ಅಲ್ಲೇ ಹುಡುಗನನ್ನು ಹಿಂದೆ ಕರೆಯಬೇಕು. ಮನೆಗೆ ಬಂದವರು ಮುಟ್ಟೋದೇ ಬೇಡ. ಪಕ್ಕಕ್ಕೆ ತಿರುಗಿ ಕೂತು ಕಾಫಿ ಕುಡಿಯಲಿ, ತುಂಡನ್ನು ಕೈಯಲ್ಲಿ ಹಿಡಿದು ಕರೆಯದೆ ಅವಳ ಹಿಂದಕ್ಕೆ ಎಸೆಯಲಿ. ತಿನ್ನೋಕೆ ದೂರ ಹೋಗ್ತಾಳೆ, ಮನಸ್ಸಾದರೆ ತಾನೇ ವಾಪಸ್ ಬರ್ತಾಳೆ. ಹತ್ತು ಜನ ಮುಟ್ಟಿದರೆ ಧೈರ್ಯ ಬರುತ್ತೆ ಅನ್ನೋದು ನಮ್ಮ ಕಡೆ ಯಾರು ಹುಟ್ಟಿಸಿದರೋ!

ಕ್ಯಾತ್ಸಂದ್ರ_ಜಿಮ್ಮಿ:
ಕತ್ತಿನ ಪಟ್ಟಿ ಮಾತ್ರ ನಂಬಬೇಡಿ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ತಲೆ ಹೊರಗೆಳೆದು ಓಡಿಬಿಡುತ್ತೆ. ಎದೆಗೆ ಹಾಕೋ ಹಾರ್ನೆಸ್ ತಗೊಳ್ಳಿ, ಪಟ್ಟಿಗೆ ಫೋನ್ ನಂಬರ್ ಬಿಲ್ಲೆ ಹಾಕಿ. ಹಳೇ ಮನೆಯವರಿಂದ ಲಸಿಕೆ ಪುಸ್ತಕ ಇಸ್ಕೊಂಡು ಒಮ್ಮೆ ಡಾಕ್ಟರಿಗೆ ತೋರಿಸಿ. ಕಿವಿ ನೋವಿದ್ದರೂ ತಲೆ ಮುಟ್ಟಿಸಿಕೊಳ್ಳಲ್ಲ.

ಬಟವಾಡಿ_ಮನೆ:
ಥ್ಯಾಂಕ್ಸ್. ಹೆದರಿದಾಗ ಸಮಾಧಾನ ಮಾಡಿದರೆ ಭಯ ಜಾಸ್ತಿ ಆಗುತ್ತಂತೆ, ಹೌದಾ? ವಯಸ್ಸೂ ಮೀರಿತಾ?

ಶಿರಾಗೇಟ್_ನಾಟಿ:
ಸಮಾಧಾನ ಮಾಡಿದರೆ ಭಯ ಜಾಸ್ತಿ ಆಗಲ್ಲ. ಹತ್ತಿರ ಬಂದರೆ ಸವರಿ, ಬರದಿದ್ದರೆ ಎಳೆಯಬೇಡಿ. ಮರಿಗೆ ಲೋಕ ಸುಲಭವಾಗಿ ಒಗ್ಗೋದು ಸುಮಾರು 3ರಿಂದ 14 ವಾರದೊಳಗೆ, ಅದು ದಾಟಿದೆ ನಿಜ. ಕಲಿಯೋದು ನಿಧಾನ ಆಗುತ್ತೆ ಅಷ್ಟೇ, ನಿಲ್ಲಲ್ಲ. ಮಂಚದ ಕೆಳಗಿನ ಜಾಗ ಅವಳಿಗೇ ಬಿಡಿ, ಅಲ್ಲೇ ಒಂದು ಗೋಣಿಚೀಲ ಹಾಸಿ, ಯಾರೂ ಕೈ ಹಾಕಬೇಡಿ. ಕುಕ್ಕರ್ ಸದ್ದನ್ನು ಫೋನಲ್ಲಿ ರೆಕಾರ್ಡ್ ಮಾಡಿ ತೀರಾ ಸಣ್ಣಗೆ ಹಾಕಿ, ಚಿಕನ್ ಕೊಡಿ, ಆರಾಮಾಗಿ ತಿಂದರೆ ಮಾತ್ರ ಸದ್ದು ಏರಿಸಿ. ದೀಪಾವಳಿ ಪಟಾಕಿಗೆ ಈ ಉಪಾಯ ಸಾಲದೆ ಇರಬಹುದು, ಹಬ್ಬಕ್ಕೆ ಕೆಲವು ವಾರ ಮೊದಲೇ ಡಾಕ್ಟರ್ ಹತ್ತಿರ ಮಾತ್ರೆ ಬಗ್ಗೆ ಕೇಳಿಡಿ. ಮನುಷ್ಯರ ಮಾತ್ರೆ ನೀವೇ ಕೊಡಬೇಡಿ.