ಪದಚರ್ಚೆ: ‘ಸಾಯೋನಾರಾ’ ಅಂದರೆ ವಿದಾಯವೋ, ‘ಹಾಗಾದ್ರೆ ಬರ್ತೀನಿ’ಯೋ?

ಎಲ್ಲರಿಗೂ ನಮಸ್ಕಾರ.

‘ಎವಾಂಗೆಲಿಯನ್’ ಅನ್ನುವ ಜಪಾನಿ ಅನಿಮೆ ಸರಣಿಯ ಕೊನೆಯ ಸಿನಿಮಾದ ಬಗ್ಗೆ ಕನ್ನಡದಲ್ಲಿ ಒಂದು ಬರಹ ಬರೆಯುತ್ತಿದ್ದೇನೆ. ಬರಹ ಮುಕ್ಕಾಲು ಭಾಗ ಮುಗಿದಿದೆ. ಆದರೆ ಒಂದು ಮಾತಿನ ಹತ್ತಿರ ಬಂದು ನಿಂತುಬಿಟ್ಟಿದೆ. ಆ ಮಾತು ‘ಸಾಯೋನಾರಾ’. ಹಳೆ ಹಿಂದಿ ಹಾಡಿನಿಂದ ನಮಗೆಲ್ಲ ಪರಿಚಯ ಇರುವ ಪದವೇ. ಅರ್ಥ ಕೇಳಿದರೆ ಯಾರಾದರೂ ‘ವಿದಾಯ’ ಅನ್ನುತ್ತಾರೆ. ಈ ಸಿನಿಮಾದಲ್ಲಿ ಮಾತ್ರ ಅಷ್ಟಕ್ಕೇ ಬಿಡೋಕಾಗಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಥೆಯ ಕೊನೆಯೂ ಇದರಲ್ಲಿ ಬರುತ್ತದೆ, ನೋಡಬೇಕು ಅಂತ ಇಟ್ಟುಕೊಂಡವರು ದಯವಿಟ್ಟು ಗಮನಿಸಿ.

ಗೊತ್ತಿಲ್ಲದವರಿಗೆ ಎರಡು ಮಾತು. ಅನ್ನೊ ಹಿದೆಆಕಿ ನಿರ್ದೇಶಿಸಿದ ಈ ಸರಣಿ ಟಿವಿಯಲ್ಲಿ ಶುರುವಾಗಿದ್ದು 1995ರ ಅಕ್ಟೋಬರ್‌ನಲ್ಲಿ. 1996ರ ಮಾರ್ಚ್‌ಗೆ 26 ಕಂತು ಮುಗಿದವು. ಶಿಂಜಿ ಅನ್ನುವ 14 ವರ್ಷದ ಹುಡುಗ. ಅವನ ಅಪ್ಪ ಅವನನ್ನು ಕರೆಸಿಕೊಳ್ಳುವುದೇ ಎವಾ (ಎವಾಂಗೆಲಿಯನ್‌ ಅನ್ನುವುದರ ಚಿಕ್ಕ ಹೆಸರು) ಅನ್ನುವ ದೈತ್ಯದೊಳಗೆ ಕೂರಿಸಿ ಕಾದಾಡಿಸುವುದಕ್ಕೆ. ಟಿವಿಯ ಮುಕ್ತಾಯ ಬಹಳ ಜನಕ್ಕೆ ಅರ್ಥವಾಗಲಿಲ್ಲ, ಸಿಟ್ಟೂ ಬಂತು. 1997ರಲ್ಲಿ ಇನ್ನೊಂದು ಮುಕ್ತಾಯ ಸಿನಿಮಾ ಆಗಿ ಬಂತು. ಆಮೇಲೆ ಅನ್ನೊ 2007ರಲ್ಲಿ ಇಡೀ ಕಥೆಯನ್ನು ಮೊದಲಿಂದ ಎತ್ತಿಕೊಂಡು ನಾಲ್ಕು ಸಿನಿಮಾಗಳಲ್ಲಿ ಹೇಳಲು ಹೊರಟರು. 2007, 2009, 2012ರಲ್ಲಿ ಮೂರು ಬಂದವು. ನಾಲ್ಕನೆಯದು, ‘ಶಿನ್ ಎವಾಂಗೆಲಿಯನ್’, ಕೊರೊನಾದಿಂದ ಎರಡು ಸಲ ಮುಂದಕ್ಕೆ ಹೋಗಿ 2021ರ ಮಾರ್ಚ್ 8ಕ್ಕೆ ಜಪಾನಿನಲ್ಲಿ ತೆರೆಕಂಡಿತು. ಆಗಸ್ಟ್ 13ರಿಂದ ಪ್ರೈಮ್ ವಿಡಿಯೋದಲ್ಲಿ ನಮಗೂ ಸಿಕ್ಕಿತು. ಎರಡೂವರೆ ಗಂಟೆಗೂ ಜಾಸ್ತಿ ಉದ್ದದ ಸಿನಿಮಾ. ಟಿವಿಯ ಮೊದಲ ಕಂತನ್ನು ಹೈಸ್ಕೂಲಿನಲ್ಲಿದ್ದಾಗ ನೋಡಿದವರು ಇದನ್ನು ನೋಡುವಾಗ ನಲವತ್ತರ ಹತ್ತಿರ ಇದ್ದರು. ಇಷ್ಟು ಕಾಲ ಜೊತೆಗಿದ್ದ ಕಥೆಯನ್ನು ಕಳಿಸಿಕೊಡುವಾಗ ಏನನ್ನಬೇಕು ಅನ್ನುವುದು ಅವರಿಗೆ ಸಣ್ಣ ವಿಷಯ ಆಗಿರಲಿಲ್ಲ.

ಪೋಸ್ಟರ್‌ ಮೇಲಿದ್ದ ಮಾತು: “ಸರಾಬಾ, ಎಲ್ಲ ಎವಾಂಗೆಲಿಯನ್‌ಗಳೇ.” ಸಿನಿಮಾದ ಕೊನೆಯ ಭಾಗದಲ್ಲಿ ಶಿಂಜಿ ಬಾಯಲ್ಲಿ ಇದೇ ಮಾತು ಬರುತ್ತದೆ, ಆದರೆ ಅವನು ಸರಾಬಾ ಅನ್ನುವುದಿಲ್ಲ, ‘ಸಾಯೋನಾರಾ’ ಅನ್ನುತ್ತಾನೆ. ಸರಾಬಾ ಹಳೆ ಕಾಲದ, ಗತ್ತಿನ ಮಾತು. ನಾಟಕದ ವೀರರ ಬಾಯಲ್ಲಿ ಚೆನ್ನಾಗಿರುತ್ತದೆ. ಸಾಯೋನಾರಾ ಹಾಗಲ್ಲ, ಸಾಯಂಕಾಲ ಶಾಲೆ ಬಿಟ್ಟಾಗ ಮಕ್ಕಳು ಟೀಚರಿಗೆ ಹೇಳುವ ಮಾತು. ಪೋಸ್ಟರಿಗೆ ‘ವಿದಾಯ’ ಒಪ್ಪುತ್ತದೆ, ಅದರಲ್ಲಿ ನನಗೆ ಗೊಂದಲ ಇಲ್ಲ. ಪೋಸ್ಟರು ದೊಡ್ಡ ದನಿಯಲ್ಲಿ ಮಾತಾಡಬೇಕಾದದ್ದೇ. ನನ್ನ ಪ್ರಶ್ನೆ ಇರುವುದು ಶಿಂಜಿಯ ಮಾತಿನ ಬಗ್ಗೆ.

ಅದನ್ನು ಕೇಳುವ ಮೊದಲು ಸಿನಿಮಾದ ಮೊದಲ ಭಾಗಕ್ಕೆ ಹೋಗಬೇಕು. ಲೋಕ ಹಾಳಾದ ಮೇಲೆ ಬದುಕುಳಿದವರು ಕಟ್ಟಿಕೊಂಡ ಒಂದು ಊರು ಅಲ್ಲಿದೆ. ಹಳೆಯ ರೈಲ್ವೆ ಸ್ಟೇಷನ್ ಸುತ್ತ ಮನೆ, ಗದ್ದೆ, ಸ್ನಾನದ ಮನೆ. (ಆ ಸ್ಟೇಷನ್‌ಗೆ ಮಾದರಿ ಹಮಾಮತ್ಸು ಊರಿನ ತೆನ್ರ್ಯೂ ಫುತಾಮತಾ ಸ್ಟೇಷನ್.) ಆ ಊರಿಗೆ ಒಬ್ಬಳು ಹುಡುಗಿ ಬರುತ್ತಾಳೆ. ಶಿಂಜಿಯ ಹಾಗೆ ಎವಾ ನಡೆಸುತ್ತಿದ್ದ ಆಯಾನಾಮಿ ರೇ ಅನ್ನುವವಳ ಪಡಿಯಚ್ಚು ಅವಳು, ಪ್ರಯೋಗಶಾಲೆಯಲ್ಲಿ ಹುಟ್ಟಿದವಳು. ಊರಿನವರು ಅವಳನ್ನು ಕರೆಯುವುದೂ ‘ಸೊಕ್ಕುರಿ ಸಾನ್’ ಅಂತಲೇ. ಇದಕ್ಕೆ ನಾನು ‘ಪಡಿಯಚ್ಚಮ್ಮ’ ಅಂತ ಬರೆದುಕೊಂಡಿದ್ದೇನೆ. ‘ತದ್ರೂಪಿ’ ಅನ್ನಬಹುದಿತ್ತು, ಆದರೆ ಗದ್ದೆಯಲ್ಲಿ ನಾಟಿ ಮಾಡುವ ವಯಸ್ಸಾದ ಹೆಂಗಸರು ಯಾರಾದರೂ ‘ತದ್ರೂಪಿ’ ಅಂತ ಕೂಗ್ತಾರಾ?

ಅವಳಿಗೆ ಏನೂ ಗೊತ್ತಿಲ್ಲ. ಕೂಸು ಅಂದರೇನು, ಕೆಲಸ ಅಂದರೇನು, ಬೆಳಿಗ್ಗೆ ಎದ್ದ ಕೂಡಲೇ ಜನ ಒಬ್ಬರಿಗೊಬ್ಬರು ಏನೋ ಹೇಳುತ್ತಾರಲ್ಲ ಅದೇನು. ಎಲ್ಲವನ್ನೂ ಕೇಳುತ್ತಾಳೆ. ಹಿಕಾರಿ ಅನ್ನುವ ಬಾಣಂತಿ ತಾಳ್ಮೆಯಿಂದ ಹೇಳಿಕೊಡುತ್ತಾಳೆ. ‘ಒಹಾಯೋ’ ಅಂದರೆ ಇವತ್ತೂ ಒಟ್ಟಿಗೆ ಬದುಕೋಣ ಅಂತ ಹಾಕುವ ಒಂದು ‘ಒಮಾಜಿನಾಯ್’, ಅಂದರೆ ಆಡಿದರೆ ಫಲಿಸುತ್ತದೆ ಅಂತ ನಂಬಿ ಆಡುವ ಪುಟ್ಟ ಮಾತು. ‘ಸಾಯೋನಾರಾ’ ಅಂದರೆ ಮತ್ತೆ ಸಿಗಲಿ ಅಂತ ಹಾಕುವ ಒಮಾಜಿನಾಯ್. ಕೈ ಕುಲುಕುವುದೂ ಹಾಗೆಯೇ, ಸ್ನೇಹ ಆಗಲಿ ಅಂತ.

ಇಲ್ಲಿ ಮಾತ್ರ ಕನ್ನಡಕ್ಕೆ ಒಂದು ಅನುಕೂಲ ಇದೆ. ‘ವಿದಾಯ ಅಂದರೆ ಮತ್ತೆ ಸಿಗಲಿ ಅನ್ನುವ ಮಾತು’ ಅಂತ ಬರೆದರೆ ಓದುವವರಿಗೆ ಅಲ್ಲಿ ಮತ್ತೆ ಸಿಗುವುದು ಕಾಣುವುದೇ ಇಲ್ಲ, ಹಿಕಾರಿ ಏನೋ ಸಮಾಧಾನ ಹೇಳುತ್ತಿದ್ದಾಳೆ ಅನ್ನಿಸುತ್ತದೆ. ಆದರೆ ನಾವು ಹೊರಡುವಾಗ ಹೇಳುವುದೇ ‘ಬರ್ತೀನಿ’ ಅಂತ. ‘ಹೋಗ್ತೀನಿ’ ಅಂದರೆ ಅಜ್ಜಿಯರು ಬಾಗಿಲಲ್ಲೇ ತಡೆದು ತಿದ್ದುತ್ತಾರೆ. ಕಳಿಸುವವರು ‘ಹೋಗಿ ಬಾ’ ಅನ್ನುತ್ತಾರೆ. ಹೋಗುವುದರ ಬೆನ್ನಿಗೇ ಬರುವುದನ್ನೂ ಸೇರಿಸದೆ ಕನ್ನಡದಲ್ಲಿ ಬೀಳ್ಕೊಡುವುದೇ ಇಲ್ಲ. ಹಿಕಾರಿ ಹೇಳುವ ಅರ್ಥ ನಮ್ಮ ಮಾತಿನ ಒಳಗೇ ಕೂತಿದೆ. ಪಡಿಯಚ್ಚಮ್ಮ “ಬರ್ತೀನಿ ಅಂದ್ರೇನು?” ಅಂತ ಕೇಳುವುದು, ಹಿಕಾರಿ “ಮತ್ತೆ ಸಿಗಲಿ ಅಂತ” ಅನ್ನುವುದು, ಎರಡೂ ಸಲೀಸಾಗಿ ಬರುತ್ತವೆ.

ಪದದ ಹುಟ್ಟು ನೋಡಿದರೆ ಇನ್ನೂ ಖುಷಿಯಾಗುತ್ತದೆ. ಸಾಯೋನಾರಾ ಅನ್ನುವುದು ‘ಸಾಯೋ ನರಾಬಾ’ದಿಂದ ಬಂದದ್ದು. ಅದರ ಅರ್ಥ ‘ಹಾಗಿದ್ದರೆ’. ಸರಾಬಾ ಕೂಡ ಅದೇ, ‘ಹಾಗಾದರೆ’. ಈಗಿನ ಹುಡುಗರು ಹೊರಡುವಾಗ ‘ಜಾ, ಮತಾ’ ಅನ್ನುತ್ತಾರೆ. ‘ಹಾಗಾದ್ರೆ, ಮತ್ತೆ’ ಅಂತ ಅದರ ಅರ್ಥ. ಮಾತು ಮುಗೀತು, ಹಾಗಿದ್ದ ಮೇಲೆ... ಅಂತ ಶುರು ಮಾಡಿ ಮುಂದಿನದನ್ನು ಹೇಳದೇ ಬಿಡುವುದು. ನಾವು ಹೇಳುವುದೂ ಇದೇ ಅಲ್ವಾ? “ಸರಿ ಹಾಗಾದ್ರೆ, ಬರ್ಲಾ?” ಧಾರವಾಡದ ಕಡೆ “ಹಂಗಾದ್ರ ಬರ್ತೇನ್ರಿ.” ಫೋನಿನಲ್ಲಿ “ಸರಿ ಹಾಗಾದ್ರೆ, ಇಡ್ಲಾ?” ಒಮ್ಮೊಮ್ಮೆ ಬರೀ “ಹಾಗಾದ್ರೆ...” ಅಂತ ಎಳೆದು ಚಪ್ಪಲಿ ಹುಡುಕುವುದೂ ಉಂಟು. ಹೊರಡುವ ಮಾತಿಗೆ ‘ಹಾಗಾದರೆ’ಯೇ ಬಾಗಿಲು. ಜಪಾನಿಯಲ್ಲೂ ಕನ್ನಡದಲ್ಲೂ. ನಿಘಂಟುಗಳು ಸಾಯೋನಾರಾಕ್ಕೆ ವಿದಾಯ ಅಂತ ಕೊಟ್ಟು ಈ ಹೊಂದಿಕೆಯನ್ನು ಮುಚ್ಚಿಬಿಡುತ್ತವೆ ಅನ್ನುವುದು ನನ್ನ ಬೇಸರ. (ಮತಾ, ಮತ್ತೆ ಎರಡರ ಸದ್ದು ಒಂದೇ ಥರ ಇರುವುದು ಆಕಸ್ಮಿಕ ಅಂತಲೇ ನನ್ನ ಅಭಿಪ್ರಾಯ. ಜಪಾನಿನ ಭಾಷಾವಿದ್ವಾಂಸ ಓನೊ ಸುಸುಮು ಜಪಾನಿಗೂ ತಮಿಳಿಗೂ ನಂಟು ಇದೆ ಅಂತ ವಾದಿಸಿದ್ದರು, ಆದರೆ ಭಾಷಾತಜ್ಞರಲ್ಲಿ ಹೆಚ್ಚಿನವರು ಅದನ್ನು ಒಪ್ಪಿಲ್ಲ. ಆ ಚರ್ಚೆ ಇಲ್ಲಿ ಬೇಡ.)

ಇಲ್ಲಿಯವರೆಗೆ ಸರಾಗ. ತೊಡಕು ಶುರುವಾಗುವುದು ಕೊನೆಯಲ್ಲಿ. ಶಿಂಜಿ ತನ್ನ ಜೊತೆಯವರನ್ನು ಒಬ್ಬೊಬ್ಬರಾಗಿ ಮಾತಾಡಿಸಿ ಕಳಿಸಿಕೊಡುತ್ತಾನೆ. ಅಸುಕಾ, ಕಾವೊರು, ರೇ. ಆಮೇಲೆ ಎವಾಗಳೇ ಇಲ್ಲದ ಲೋಕ ಬೇಕು ಅಂತ ತೀರ್ಮಾನಿಸುತ್ತಾನೆ. ಒಂದಾದ ಮೇಲೊಂದು ಎವಾ ಈಟಿ ಚುಚ್ಚಿಕೊಂಡು ಇಲ್ಲವಾಗುತ್ತದೆ. ಆಗ ಅವನು ಅವಕ್ಕೆ ಸಾಯೋನಾರಾ ಹೇಳುವುದು. ಇವು ಮತ್ತೆ ಬರಬಾರದು. ಬಂದರೆ ಮಾಡಿದ್ದೆಲ್ಲ ವ್ಯರ್ಥ. ಅಂಥವಕ್ಕೆ ‘ಬರ್ತೀನಿ’ ಅನ್ನಬಹುದೇ? ‘ಹೋಗಿ ಬನ್ನಿ’ ಅನ್ನಬಹುದೇ?

ನಮ್ಮಲ್ಲಿ ಮತ್ತೆ ಬರಬಾರದು ಅನ್ನುವ ಕಡೆ ‘ಬರ್ತೀನಿ’ ಹೇಳುವುದೇ ಇಲ್ಲ. ಸಾವಿನ ಮನೆಯಿಂದ ಹೊರಡುವಾಗ ಸುಮ್ನೆ ಎದ್ದು ಬರುತ್ತೇವೆ. ಆಸ್ಪತ್ರೆಯಲ್ಲೂ ಹಿರಿಯರು ‘ಬರ್ತೀನಿ’ ಅನ್ನಲು ಹಿಂಜರಿಯುತ್ತಾರೆ. ಅಂದರೆ ಮತ್ತೆ ಬರುವ ಮಾತಿಲ್ಲದ ಬೀಳ್ಕೊಡುಗೆಗೆ ಆಡುಮಾತಿನಲ್ಲಿ ಪದವೇ ಇಲ್ಲ, ಇರುವುದು ಮೌನ. ಇಲ್ಲದಿದ್ದರೆ ಬೈಗುಳ. ‘ತೊಲಗು’, ‘ಹಾಳಾಗಿ ಹೋಗು’. ಶಿಂಜಿಗೆ ಎವಾಗಳ ಮೇಲೆ ಸಿಟ್ಟಿಲ್ಲ. ಅದರೊಳಗೆ ಕೂತೇ ಅವನು ಬೆಳೆದದ್ದು, ಅವನ ಅಮ್ಮ ಸೇರಿಹೋಗಿದ್ದೂ ಅದರೊಳಗೇ. ತೊಲಗು ಅನ್ನುವ ಬಾಯಲ್ಲ ಅವನದು.

ಬೀಳ್ಕೊಳ್ಳುವುದು, ಬೀಳ್ಕೊಡುವುದು ಇವೆಯಲ್ಲ ಅನ್ನಬಹುದು. ಒಳ್ಳೆಯ ಜೋಡಿ ಅದು. ಅಪ್ಪಣೆ ಪಡೆದು ಹೊರಡುವವನು ಬೀಳ್ಕೊಳ್ಳುತ್ತಾನೆ, ಅಪ್ಪಣೆ ಕೊಟ್ಟು ಕಳಿಸುವವನು ಬೀಳ್ಕೊಡುತ್ತಾನೆ. ಯಾರು ಹೊರಟರು, ಯಾರು ನಿಂತರು ಅನ್ನುವುದು ಪದದಲ್ಲೇ ಗೊತ್ತಾಗುತ್ತದೆ. ವಿದಾಯಕ್ಕೆ ಆ ಶಕ್ತಿ ಇಲ್ಲ. ಆದರೆ ಇವು ನಡೆದದ್ದನ್ನು ಹೇಳುವ ಪದಗಳು, ಎದುರಿಗಿರುವವರಿಗೆ ಆಡುವ ಮಾತಲ್ಲ. “ನಿಮ್ಮನ್ನು ಬೀಳ್ಕೊಡುತ್ತೇನೆ” ಅಂತ ಹುಡುಗನೊಬ್ಬ ಹೇಳಿದರೆ ಕಚೇರಿಯ ನಿವೃತ್ತಿ ಸಮಾರಂಭದ ಭಾಷಣ ಆಗುತ್ತದೆ. ನನ್ನ ಬರಹದಲ್ಲಿ ‘ಶಿಂಜಿ ಎವಾಗಳನ್ನು ಬೀಳ್ಕೊಡುತ್ತಾನೆ’ ಅಂತ ಬರೆಯುತ್ತೇನೆ, ಅವನ ಬಾಯಿಗೆ ಮಾತ್ರ ಹಾಕುವುದಿಲ್ಲ.

ಯೋಚಿಸಿ ಯೋಚಿಸಿ ನನಗೆ ಅನ್ನಿಸಿದ್ದು ಇದು. ಎರಡೂ ಕಡೆ ಒಂದೇ ಮಾತು ಇರಲೇಬೇಕು. ಊರಿನಲ್ಲಿ ಆ ಹುಡುಗಿ ಕಲಿತ ಪದವೇ ಕೊನೆಗೆ ಶಿಂಜಿ ಬಾಯಲ್ಲಿ ಬರುವುದು. ಅವಳು ಆ ಪದ ಕಲಿತು, ಶಿಂಜಿಗೂ ಹೇಳಿ, ಅವನ ಕಣ್ಣೆದುರೇ ಕರಗಿಹೋಗುತ್ತಾಳೆ. ಪ್ರಯೋಗಶಾಲೆಯಿಂದ ಹೊರಗೆ ಅವಳ ದೇಹ ಹೆಚ್ಚು ದಿನ ಬಾಳುವುದಿಲ್ಲ, ಅದು ಅವಳಿಗೂ ಗೊತ್ತು. ಮತ್ತೆ ಸಿಗುವುದಿಲ್ಲ ಅಂತ ಗೊತ್ತಿದ್ದೂ ಮತ್ತೆ ಸಿಗಲಿ ಅನ್ನುವ ಮಾತನ್ನೇ ಆಡುತ್ತಾಳೆ. ಶಿಂಜಿ ಆಡುವುದೂ ಹಾಗೇ. ಊರಿನಲ್ಲಿ ‘ಬರ್ತೀನಿ’ ಇಟ್ಟು ಕೊನೆಯಲ್ಲಿ ‘ವಿದಾಯ’ ಇಟ್ಟರೆ ಈ ಎಳೆ ಕಡಿದುಹೋಗುತ್ತದೆ. ಹಾಗಾಗಿ ಅಲ್ಲೂ ಇಲ್ಲೂ ‘ಹಾಗಾದ್ರೆ ಬರ್ತೀನಿ’ ಅಂತಲೇ ಇಡೋಣ ಅಂದುಕೊಂಡಿದ್ದೇನೆ. “ಹಾಗಾದ್ರೆ ಬರ್ತೀನಿ, ಎಲ್ಲ ಎವಾಂಗೆಲಿಯನ್‌ಗಳೇ.” ಕಿವಿಗೆ ಮೊದಲು ಸ್ವಲ್ಪ ವಿಚಿತ್ರ ಅನ್ನಿಸಬಹುದು. ಸಾವಿನ ಮನೆಯಲ್ಲಿ ಹೇಳಬಾರದ ಮಾತನ್ನು ಹೇಳಿದಂತೆ ಆಗುತ್ತದೆ ಅನ್ನುವವರೂ ಇರಬಹುದು. ಆ ಆಕ್ಷೇಪವನ್ನೇ ನಾನು ಇಲ್ಲಿ ಕೇಳಬೇಕು ಅಂತಿರುವುದು. ನಿಮ್ಮ ಕಿವಿಗೆ ಅದು ತಪ್ಪು ಅನ್ನಿಸುತ್ತಾ?

ಸಿನಿಮಾದ ಹೆಸರೂ ನನ್ನ ಕಡೆಗೇ ಇದೆ ಅನ್ನಿಸುತ್ತದೆ. ಮೊದಲ ಮೂರು ಸಿನಿಮಾಗಳಿಗೆ ‘ಜೊ’, ‘ಹ’, ‘ಕ್ಯೂ’ ಅಂತ ಹೆಸರು. ಜಪಾನಿನ ಹಳೆಯ ಗಗಾಕು ಸಂಗೀತ, ನೋ ನಾಟಕಗಳಲ್ಲಿ ನಿಧಾನವಾಗಿ ಎತ್ತಿಕೊಂಡು, ನಡುವೆ ಮುರಿದು, ಕೊನೆಗೆ ಬಿರುಸಾಗಿ ಮುಗಿಸುವ ಕ್ರಮಕ್ಕೆ ಹೀಗನ್ನುತ್ತಾರೆ. ನಮ್ಮ ವಿಳಂಬ, ಮಧ್ಯಮ, ದ್ರುತ ನೆನಪಾಗುತ್ತದೆ, ಆದರೆ ಜೊ-ಹ-ಕ್ಯೂ ಬರೀ ವೇಗದ ಲೆಕ್ಕ ಅಲ್ಲ. ಈ ಕ್ರಮದಲ್ಲಿ ನಾಲ್ಕನೇ ಪದ ಇಲ್ಲ. ಆದ್ದರಿಂದ ನಾಲ್ಕನೇ ಸಿನಿಮಾದ ಹೆಸರಿನ ಕೊನೆಗೆ ಪದದ ಬದಲು ಪಾಶ್ಚಾತ್ಯ ಸಂಗೀತ ಬರೆಯುವಾಗ ಹಾಕುವ ಗುರುತು ಇಟ್ಟಿದ್ದಾರೆ. ಎರಡು ಚುಕ್ಕಿ, ಪಕ್ಕದಲ್ಲಿ ಎರಡು ಉದ್ದ ಗೆರೆ. ಗೆರೆಗಳು ಮಾತ್ರ ಇದ್ದರೆ ಮುಗಿಯಿತು ಅಂತ. ಚುಕ್ಕಿ ಸೇರಿದರೆ ಹಿಂದಕ್ಕೆ ಹೋಗಿ ಮತ್ತೆ ನುಡಿಸು ಅಂತ. ಮುಗಿಸುವ ಸಿನಿಮಾಕ್ಕೆ ಮತ್ತೆ ಬರುವ ಗುರುತು! ಇದನ್ನು ಬಾಯಲ್ಲಿ ಓದುವುದಿಲ್ಲ, ಆದ್ದರಿಂದ ಕನ್ನಡದಲ್ಲೂ ಗುರುತನ್ನು ಹಾಗೇ ಉಳಿಸಿಕೊಳ್ಳುತ್ತೇನೆ.

ಹೆಸರಿನ ಮೊದಲಲ್ಲಿರುವ ‘ಶಿನ್’ ಕೂಡ ಹಾಗೇ ಇರಲಿ. ಅದನ್ನು ಬರೀ ಸದ್ದು ಹೇಳುವ ಕತಕನಾ ಲಿಪಿಯಲ್ಲಿ ಬರೆದಿದ್ದಾರೆ. ಹೊಸದು ಅಂತಲೂ ಓದಬಹುದು, ನಿಜವಾದದ್ದು ಅಂತಲೂ, ದೇವರು ಅಂತಲೂ. ಕನ್ನಡದಲ್ಲಿ ‘ಹೊಸ’ ಅಂದುಬಿಟ್ಟರೆ ಉಳಿದ ಬಾಗಿಲು ಮುಚ್ಚುತ್ತವೆ. ಹಾಗೆಯೇ ಎವಾಂಗೆಲಿಯನ್ ಅನ್ನುವುದು ಗ್ರೀಕ್ ಮೂಲದ್ದು, ನಮ್ಮ ಕ್ರೈಸ್ತ ಬಂಧುಗಳು ‘ಸುವಾರ್ತೆ’ ಅನ್ನುತ್ತಾರಲ್ಲ, ಅದೇ. ಹೆಸರನ್ನು ಸುವಾರ್ತೆ ಮಾಡುವುದು ಬೇಡ, ಆದರೆ ಬರಹದಲ್ಲಿ ಒಂದು ಕಡೆ ಹೇಳುತ್ತೇನೆ. ‘ಕೊನೆಯ ಸಿನಿಮಾ’ ಸಾಕು ಅಂತಲೂ ತೀರ್ಮಾನಿಸಿದ್ದೇನೆ. ‘ಅಂತಿಮ’ ಅಂದರೆ ಅಂತಿಮ ದರ್ಶನ ನೆನಪಾಗುತ್ತದೆ, ‘ಸಮಾರೋಪ’ಕ್ಕೆ ವೇದಿಕೆ, ಹಾರ ಬೇಕು.

ಉಳಿದದ್ದು ಒಮಾಜಿನಾಯ್. ಇದಕ್ಕೆ ನನಗೆ ನಿಜವಾಗಿಯೂ ಸಹಾಯ ಬೇಕು. ಮಗುವಿಗೆ ಪೆಟ್ಟಾದಾಗ ಅಮ್ಮ ಸವರಿ ನೋವು ಹೋಗಲಿ ಅನ್ನುತ್ತಾಳಲ್ಲ, ಅಂಥ ಸಣ್ಣ, ಮನೆಮಟ್ಟಿನ ಮಾತು ಅದು. ಆಡಿದರೆ ಫಲ ಇದೆ ಅನ್ನುವ ನಂಬಿಕೆ ಒಳಗಿದೆ. ‘ಮಂತ್ರ’ ಅಂದರೆ ಪುರೋಹಿತರು ಬರುತ್ತಾರೆ. ‘ಮಾಟ’ ಅಂತೂ ಬೇಡವೇ ಬೇಡ. ‘ಹಾರೈಕೆ’ ಹತ್ತಿರ ಇದೆ, ಸದ್ಯಕ್ಕೆ ಅದನ್ನೇ ಬರೆದಿದ್ದೇನೆ. ಆದರೆ ಹಾರೈಕೆಯಲ್ಲಿ ಆಸೆ ಇದೆ, ಆಡಿದ ಕೂಡಲೇ ಏನೋ ಆಗುತ್ತದೆ ಅನ್ನುವುದು ಇಲ್ಲ. ‘ಹರಕೆ’ಗೆ ಹಿಂದೆ ಹರಸುವ ಅರ್ಥ ಇತ್ತು, ಈಗ ದೇವರಿಗೆ ಹೊತ್ತುಕೊಳ್ಳುವುದೇ ಮುಂದೆ ಬಂದು ನಿಲ್ಲುತ್ತದೆ. ಬೆಳಿಗ್ಗೆಯ ‘ಒಹಾಯೋ’ಗೆ ‘ಶುಭೋದಯ’ ಬಿಟ್ಟು ‘ಎದ್ಯಾ?’ ಅಂತ ಇಟ್ಟಿರುವುದರಿಂದ ಈ ಪದವೂ ಅಷ್ಟೇ ಸಾದಾ ಇರಬೇಕು.

ಮಲೆನಾಡು, ಕರಾವಳಿ, ಬೀದರ್, ಕೋಲಾರ ಕಡೆಯವರು ಇದ್ದೀರಿ. ಹೀಗೆ ಪುಟ್ಟ ಮಾತು ಆಡಿ ಒಳ್ಳೇದಾಗಲಿ ಅನ್ನುವುದಕ್ಕೆ ನಿಮ್ಮ ಮನೆಗಳಲ್ಲಿ ಏನನ್ನುತ್ತಾರೆ? ‘ಬರ್ತೀನಿ’ ಸೇರಿಸದೆ ಬರೀ ‘ಹಾಗಾದ್ರೆ’ ಅಂತ ಹೇಳಿಯೇ ಎದ್ದು ಹೊರಡುವ ರೂಢಿ ನಿಮ್ಮ ಕಡೆ ಇದೆಯಾ? ಇದ್ದರೆ ಯಾರು ಯಾರಿಗೆ, ಯಾವಾಗ ಹಾಗನ್ನುತ್ತಾರೆ ಅಂತಲೂ ಬರೆಯಿರಿ. ಅದು ಸಿಕ್ಕರೆ ಶಿಂಜಿಯ ಮಾತನ್ನು ಅದಕ್ಕೇ ಬದಲಾಯಿಸಲು ನಾನು ಸಿದ್ಧ.