ಹಸಿರು ವೇಲು

ಸೀನನ ಮಗಳು ಹಾಲ್‌ನ ಗೋಡೆ ಮೇಲೆ ನೇರಳೆ ಕ್ರೇಯಾನ್‌ನಲ್ಲಿ ಏನೋ ಬರೆದಿದ್ದಳು. ಆನೆಯೋ ಬಸ್ಸೋ ಗೊತ್ತಾಗುವಂತಿರಲಿಲ್ಲ. ಬಾಡಿಗೆ ಮನೆ. ಸೀನ ಒದ್ದೆ ಬಟ್ಟೆ ಹಿಡಿದು ಉಜ್ಜುತ್ತಿದ್ದ. ನಾನೂ ನಾಣಿಯೂ ಕಾಫಿ ಕುಡಿಯುತ್ತಾ ಸಲಹೆ ಕೊಡುತ್ತಿದ್ದೆವು.

"ನೀನು ಟ್ಯಾಂಗ್ ರಾಜರ ಕಾಲದ ಚೀನಾದಲ್ಲಿ ಹುಟ್ಟಬೇಕಿತ್ತು ಕಣೋ," ಎಂದೆ. "ಅಲ್ಲಿ ಹೆಂಡದಂಗಡಿ, ಬೌದ್ಧ ವಿಹಾರ, ಗೆಳೆಯನ ಮನೆ, ಎಲ್ಲೇ ಖಾಲಿ ಗೋಡೆ ಕಂಡರೂ ಕುಂಚ ಅದ್ದಿ ಪದ್ಯ ಬರೆದುಬಿಡೋರು."

"ಯಾರೂ ಬೈತಿರಲಿಲ್ವಾ?"

"ಬೈಯೋದಾ? ಕೆಲವು ಕಡೆ ಪದ್ಯ ಬರೀಲಿ ಅಂತಲೇ ಹಲಗೆ ಇಟ್ಟಿರೋರು. ಬೈ ಜುಯಿ ಅನ್ನೋ ಕವಿ ದಾರಿಯ ತಂಗುದಾಣ ಬಂದ ಕೂಡಲೇ ಕುದುರೆಯಿಂದ ಇಳಿದು, ಗೋಡೆ ಕಂಬ ಎಲ್ಲ ಸುತ್ತಿ ಗೆಳೆಯ ಯುವಾನ್ ಝೆನ್‌ನ ಪದ್ಯ ಹುಡುಕುತ್ತಿದ್ದ. ತಾನೇ ಹಾಗಂತ ಬರೆದುಕೊಂಡಿದ್ದಾನೆ."

"ಊಟ ಏನಿದೆ ಅಂತ ಕೇಳೋದು ಬಿಟ್ಟು?" ಎಂದ ನಾಣಿ. ಅವನಿಗೆ ಅದೇ ಚಿಂತೆ.

"ಊಟದ ಕಥೆಯೂ ಇದೆ, ಕೇಳು. ವಾಂಗ್ ಬೋ ಅಂತ ಒಬ್ಬ ಬಡ ಹುಡುಗ ಯಾಂಗ್‌ಝೌ ಊರಿನ ವಿಹಾರದಲ್ಲಿ ಬಿಟ್ಟಿ ಊಟ ಮಾಡ್ಕೊಂಡಿದ್ದ. ಗಂಟೆ ಹೊಡೆದರೆ ಸಾಕು, ಹಾಜರ್. ಭಿಕ್ಷುಗಳಿಗೆ ಸಾಕಾಗಿ, ತಾವು ಉಂಡು ಕೈ ತೊಳೆದ ಮೇಲೆ ಗಂಟೆ ಹೊಡೆಯೋಕೆ ಶುರು ಮಾಡಿದರಂತೆ! ಓಡಿ ಬಂದರೆ ಪಾತ್ರೆ ಖಾಲಿ."

"ಥೂ, ನಮ್ಮ ಹಾಸ್ಟೆಲ್ ಮೆಸ್ಸೇ ವಾಸಿ."

"ಇಪ್ಪತ್ತು ವರ್ಷ ಆದ ಮೇಲೆ ಅವನೇ ಆ ಸೀಮೆಗೆ ದೊಡ್ಡ ಅಧಿಕಾರಿಯಾಗಿ ಬಂದ. ನೋಡಿದರೆ, ಅವತ್ತು ಗೋಡೆ ಮೇಲೆ ಗೀಚಿದ್ದ ಪದ್ಯಕ್ಕೆ ತೆಳು ಹಸಿರು ಪರದೆ ಇಳಿಬಿಟ್ಟು ಕಾಪಾಡ್ತಿದ್ದಾರೆ! ಇಷ್ಟು ವರ್ಷ ಧೂಳು ತಿಂದದ್ದಕ್ಕೆ ಈಗ ಪರದೆ ಬಂತು ನೋಡು ಅಂತ ಅದರ ಪಕ್ಕವೇ ಇನ್ನೊಂದು ಪದ್ಯ ಬರೆದನಂತೆ."

ಸೀನನ ಕೈ ನಿಂತಿತು. ನೇರಳೆ ಆನೆಯನ್ನು ಸ್ವಲ್ಪ ದೂರ ನಿಂತು ನೋಡಿದ.

"ಗೋಡೆ ಇಲ್ಲದವರಿಗೆ ಹೂಜಿ," ಎಂದೆ. "ಚಾಂಗ್ಷಾ ಅನ್ನೋ ಊರಿನ ಕುಂಬಾರರು 9ನೇ ಶತಮಾನದಲ್ಲೇ ಹೂಜಿಯ ಮೂತಿ ಕೆಳಗೆ ಪದ್ಯ ಬರೆದು ಸುಡುತ್ತಿದ್ದರು. ಒಂದರಲ್ಲಿ ಹೀಗಿದೆ: ನೀನು ಹುಟ್ಟಿದಾಗ ನಾನಿರಲಿಲ್ಲ, ನಾನು ಹುಟ್ಟೋ ಹೊತ್ತಿಗೆ ನಿನಗೆ ವಯಸ್ಸಾಗಿತ್ತು. ನಾನು ತಡವಾಗಿ ಹುಟ್ಟಿದೆ ಅಂತ ನಿನಗೆ ಸಂಕಟ, ನೀನು ಬೇಗ ಹುಟ್ಟಿದೆ ಅಂತ ನನಗೆ."

ನೀರು ಬಗ್ಗಿಸಿಕೊಳ್ಳೋ ಹೂಜಿ ಮೇಲೆ ಇಂಥ ಮಾತು! ಮೂವರೂ ಒಂದು ಗಳಿಗೆ ಸುಮ್ಮನಾದೆವು. ಬಾಗಿಲಲ್ಲಿ ನಿಂತಿದ್ದ ಸೀನನ ಹೆಂಡತಿ ಪದ್ಮ ಮಾತ್ರ ಗಂಡನ ಬೋಳುತಲೆ ನೋಡಿ ಕಿಸಕ್ಕನೆ ನಕ್ಕಳು.

"ಆಮೇಲೆ ಸೋಂಗ್ ರಾಜರ ಕಾಲದಲ್ಲಿ ಪಿಂಗಾಣಿ ದಿಂಬಿನ ಮೇಲೂ ಪದ್ಯ ಬಂತು."

"ಪಿಂಗಾಣಿ ದಿಂಬಾ? ಕುತ್ತಿಗೆ ಗತಿ?"

"ಬೇಸಿಗೆಯಲ್ಲಿ ತಣ್ಣಗಿರುತ್ತೆ ಅಂತ."

"ಪದ್ಯ ಅಂದರೆ ನಿದ್ದೆ ಬರೋದು ಅಲ್ಲಿಂದ ಶುರುವಾಯ್ತು ಅನ್ನು," ಎಂದ ನಾಣಿ.

ಅಷ್ಟರಲ್ಲಿ ಕಾಲಿಂಗ್ ಬೆಲ್. ಕಿಟಕಿಯಲ್ಲಿ ಇಣುಕಿದರೆ ಮನೆ ಓನರ್. ಸೀನ ಬಟ್ಟೆ ಎಸೆದು ಪಿಸುಗುಟ್ಟಿದ:

"ಪದ್ಮಾ, ನಿನ್ನ ಹಸಿರು ವೇಲು ಎಲ್ಲಿದ್ಯೇ?"