ಸಹಾಯ ಬೇಕು: ಮಕ್ಕಳ ಫೋಟೊಗೆ ಒಪ್ಪಿಗೆ ಪತ್ರದ ನಮೂನೆ

ಮಗಳು ಹೋಗುವ ಶಿಶುವಿಹಾರದವರು ಮಕ್ಕಳ ಫೋಟೊಗಳನ್ನು ಹೆಸರು ಸಮೇತ ಎಲ್ಲರಿಗೂ ಕಾಣುವಂತೆ ಫೇಸ್‌ಬುಕ್‌ಗೆ ಹಾಕುತ್ತಿದ್ದಾರೆ. ಅರೆಬಟ್ಟೆಯಲ್ಲಿ ನೀರಾಟವಾಡುವ ಚಿತ್ರಗಳೂ ಅದರಲ್ಲಿವೆ. ತೆಗೆಯಿರಿ ಎಂದರೆ, ‘ಪ್ರವೇಶದ ಅರ್ಜಿಗೆ ನೀವೇ ಸಹಿ ಹಾಕಿದ್ದೀರಲ್ಲ’ ಎನ್ನುತ್ತಾರೆ. ಅಲ್ಲಿರುವುದು ‘ಶಾಲಾ ಚಟುವಟಿಕೆಗಳಿಗೆ ಒಪ್ಪಿಗೆ’ ಎಂಬ ಒಂದೇ ಸಾಲು!

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಮಗುವಿನ ಖಾಸಗಿತನವನ್ನು ಕಾಯುತ್ತದೆ. ಡಿಜಿಟಲ್ ಪರಿಸರದಲ್ಲಿ ಮಕ್ಕಳ ಹಕ್ಕುಗಳನ್ನು ಕುರಿತೇ 2021ರಲ್ಲಿ 25ನೇ ಸಾಮಾನ್ಯ ಟಿಪ್ಪಣಿ (ಒಡಂಬಡಿಕೆಯನ್ನು ಹೇಗೆ ಪಾಲಿಸಬೇಕೆಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ ಕೊಡುವ ವಿವರಣೆ) ಬಂದಿದೆ. ಇದನ್ನು ಹೇಳಿದರೆ ಜಗಳಗಂಟಿ ಎನಿಸಿಕೊಳ್ಳುತ್ತೇನೆ. (ಈಗಾಗಲೇ ಅರ್ಧ ಎನಿಸಿಕೊಂಡಿದ್ದೇನೆ.) ಶಿಕ್ಷಕಿಯರು ಒಳ್ಳೆಯವರೇ, ಮಗಳನ್ನು ಬಿಡಿಸುವ ಮನಸ್ಸಿಲ್ಲ.

ತರಗತಿಯ ದಾಖಲೆ, ಪೋಷಕರ ಗುಂಪು, ಸಾರ್ವಜನಿಕ ಪುಟ ಇವಕ್ಕೆ ಬೇರೆ ಬೇರೆಯಾಗಿ ಒಪ್ಪಿಗೆ ಕೇಳುವ ನಮೂನೆ ಯಾರ ಬಳಿಯಾದರೂ ಇದೆಯೇ? ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ ಅವಕಾಶವೂ ಅದರಲ್ಲಿರಬೇಕು. ಹಳೆಯ ಚಿತ್ರಗಳನ್ನು ತೆಗೆಸಿದವರಿದ್ದರೆ, ಪತ್ರವನ್ನು ಹೇಗೆ ಬರೆದಿರಿ ಎಂದು ದಯವಿಟ್ಟು ತಿಳಿಸಿ.